ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ನೋಡಲು ಹೊರಟ ಹೊಸಬರಿಗೆ

ದೊಡ್ಡ ಲೀಗಿನ ಪಂದ್ಯಕ್ಕೆ ದುಡ್ಡು ಸುರಿಯುವ ಮೊದಲು ಹತ್ತಿರದ ಕಾಲೇಜು ಮೈದಾನಕ್ಕೆ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರಿಗೆ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಸ್ಟೀಫನ್ ಶಾಟ್ ಸ್ಟೇಡಿಯಂ ಇದೆ. 2005ರಲ್ಲಿ ಶುರುವಾದದ್ದು, ಸುಮಾರು 1,500 ಜನ ಹಿಡಿಸುತ್ತದೆ, ಕ್ಯಾಲ್‌ಟ್ರೇನ್ ಎಂಬ ಲೋಕಲ್ ರೈಲಿನ ನಿಲ್ದಾಣದ ಮಗ್ಗುಲಲ್ಲೇ ಇದೆ. ಸೀಸನ್ ಫೆಬ್ರವರಿ ನಡುವಿನಿಂದ ಮೇ ಕೊನೆಯವರೆಗೆ. ಟಿಕೆಟ್ ಫೋನಿನಲ್ಲಿರಲಿ, ಬ್ಯಾಗಿನ ನಿಯಮ ಮೊದಲೇ ಓದಿಕೊಳ್ಳಿ. ಅಷ್ಟು ಸಾಕು.

ಯಾವ ದಿನ ಹೋಗುತ್ತೀರಿ ಅನ್ನುವುದು ಮುಖ್ಯ. ವಾರಾಂತ್ಯದಲ್ಲಿ ಒಂದೇ ಎದುರಾಳಿಯ ಜೊತೆ ಸಾಮಾನ್ಯವಾಗಿ ಮೂರು ಪಂದ್ಯ. ತಂಡದ ಅತಿ ಒಳ್ಳೆಯ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಶುಕ್ರವಾರ ಎಸೆಯುತ್ತಾನೆ. ಆಟದ ರುಚಿ ಬೇಕಿದ್ದರೆ ಅವತ್ತೇ ಹೋಗಿ. ಮಂಗಳವಾರದ ಪಂದ್ಯದಲ್ಲಿ ಎಳೆಯ ಹುಡುಗರಿಗೆ ಅವಕಾಶ ಕೊಡುತ್ತಾರೆ. ಚೆಂಡು ಗುರಿಗೆ ಬೀಳುವುದಿಲ್ಲ, ಗುರಿ ತಪ್ಪಿದ ಎಸೆತ, ಅಂದರೆ 'ಬಾಲ್', ನಾಲ್ಕಾಗಿ ಬ್ಯಾಟರ್ ಪುಕ್ಕಟೆ ಒಂದನೇ ಬೇಸಿಗೆ (ಓಡುವ ದಾರಿಯ ಮೊದಲ ನಿಲುಗಡೆ) ನಡೆದುಹೋಗುತ್ತಾನೆ, ಆಟ ಮೂರು ಗಂಟೆ ದಾಟುತ್ತದೆ. ಮಕ್ಕಳಿಗೆ ಭಾನುವಾರ ಮಧ್ಯಾಹ್ನವೇ ಸರಿ. ಸಂಜೆಯ ಆಟವಾದರೆ, ಕ್ಯಾಲಿಫೋರ್ನಿಯಾ ಅಲ್ಲವೇ ಎಂದು ಟೀ ಶರ್ಟಿನಲ್ಲಿ ಹೋಗಬೇಡಿ. ಮಾರ್ಚಿನಲ್ಲಿ ಒಂಬತ್ತು ಇನಿಂಗ್ಸಿನ ಆಟದ ಐದನೆಯದಕ್ಕೇ ನಡುಕ ಹತ್ತುತ್ತದೆ.

ಇನ್ನು ಕೂರುವ ಜಾಗ. ಚಿಕ್ಕ ಮಕ್ಕಳಿದ್ದರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಬಲೆಯ ರಕ್ಷಣೆಯಲ್ಲೇ ಕೂರಿ. ಬೇಸ್‌ಬಾಲ್ ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ಹತ್ತು-ಹದಿನೈದು ಗ್ರಾಂ ಹಗುರ, ಅಷ್ಟೇ. ಅಲ್ಯುಮಿನಿಯಂ ಬ್ಯಾಟಿಗೆ ಟಣ್ ಎಂದು ತಗಲಿ ಬರುವಾಗ ಕಣ್ಣು ಫೋನಿನಲ್ಲಿದ್ದರೆ ಮುಗಿಯಿತು. ಬಲಗೈ ಬ್ಯಾಟರ್ ಬೇಗ ಬೀಸಿದರೆ ಫೌಲ್ ಬಾಲ್ (ಗೆರೆಯಾಚೆ ಹೋದ ಹೊಡೆತ) ಮೂರನೇ ಬೇಸ್ ಕಡೆಗೆ, ಅಂದರೆ ಹೋಮ್ ಪ್ಲೇಟಿನ ಹಿಂದೆ ಕೂತವರ ಎಡಕ್ಕೆ, ನೇರವಾಗಿ, ಜೋರಾಗಿ ಬರುತ್ತದೆ. ತಡವಾಗಿ ಬೀಸಿದರೆ ಒಂದನೇ ಬೇಸ್ ಕಡೆಗೆ, ಹೆಚ್ಚಾಗಿ ಎತ್ತರದಲ್ಲಿ. ಆದರೆ ಬಹುತೇಕ ಮೈದಾನಗಳಲ್ಲಿ ಮಧ್ಯಾಹ್ನದ ನೆರಳು ಮೊದಲು ಬೀಳುವುದು ಆ ಮೂರನೇ ಬೇಸ್ ಬದಿಗೇ! ನೆರಳಿಗಾಗಿ ಅಲ್ಲಿ ಕೂರುವುದಾದರೆ ಬಲೆ ಎಲ್ಲಿಯವರೆಗಿದೆ ನೋಡಿಕೊಳ್ಳಿ. ಸಿಕ್ಕ ಚೆಂಡನ್ನು ಕೆಲವು ಸಣ್ಣ ಕಾಲೇಜುಗಳು ವಾಪಸ್ ಕೇಳುತ್ತವೆ, ಅವುಗಳ ಬಜೆಟ್ಟು ಅಷ್ಟಕ್ಕಷ್ಟೇ. ಮಗುವಿಗೆ ಮೊದಲೇ ಹೇಳಿಟ್ಟರೆ ಅಳು ತಪ್ಪುತ್ತದೆ.

ಚಿತ್ರಾನ್ನದ ಡಬ್ಬಿ ಗೇಟಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು, ಮನೆಯಲ್ಲೇ ಉಂಡು ಹೊರಡಿ. ಒಳಗೆ ಸಸ್ಯಾಹಾರಿಗಳಿಗೆ ಸಿಗುವುದು ಪ್ರೆಟ್ಜೆಲ್, ಪಾಪ್‌ಕಾರ್ನ್, ಚೀಸ್ ಸುರಿದ ನಾಚೋಸ್, ಮತ್ತೆ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ. ಸಿಪ್ಪೆ ಕಾಲಡಿಗೆ ಹಾಕಿದರೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಬಸವನಗುಡಿ ಪರಿಷೆ ಸುತ್ತಿದವರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮವರ ದೊಡ್ಡ ತಪ್ಪು ಬೇರೆಯೇ ಇದೆ. ಪಂದ್ಯದುದ್ದಕ್ಕೂ "ಇದೇನು ಆಟ, ನಮ್ಮ ಕ್ರಿಕೆಟ್ಟೇ ವಾಸಿ" ಎಂದು ಗೊಣಗುವುದು. ಪಕ್ಕದ ಮಗು ಅದೇ ಆಟವನ್ನು ಶಾಲೆಯಲ್ಲಿ ಆಡುತ್ತಿರುತ್ತದೆ ಮಾರಾಯ್ರೇ! ಅದರ ಬದಲು ಒಂದು ಸ್ಕೋರ್ ಪುಸ್ತಕ, ಪೆನ್ಸಿಲ್ ಹಿಡಿದು ಹೋಗಿ. ಆಟಗಾರರ ಜಾಗಗಳಿಗೆ 1ರಿಂದ 9ರವರೆಗೆ ಸಂಖ್ಯೆ: ಪಿಚರ್ 1, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ 2, ಒಂದನೇ ಬೇಸಿನವನು 3, ಎರಡನೇ ಬೇಸಿನವನು 4, ಎರಡನೇ-ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೀಗೆ. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿನವನಿಗೆ, ಅವನು ಒಂದನೇ ಬೇಸಿನವನಿಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3 ಎಂದು ಬರೆಯಬೇಕು. ಎರಡು ಇನಿಂಗ್ಸಿನಲ್ಲಿ ಕೈ ಕೂರುತ್ತದೆ. ಅಂಪೈರನ್ನು ಬೈಯುವ ಹುಮ್ಮಸ್ಸು ಬಂದರೆ ತಡೆದುಕೊಳ್ಳಿ. ಮುಂದಿನ ಸಾಲಿನಲ್ಲಿ ಕೂತವರು ಆಡುತ್ತಿರುವ ಹುಡುಗರ ಅಪ್ಪ-ಅಮ್ಮಂದಿರಾಗಿರಬಹುದು. ನಾಲ್ಕು ಸಲ ಅದೇ ಜಾಗದಲ್ಲಿ ಕೂತರೆ ಅವರೇ ಮಾತಾಡಿಸುತ್ತಾರೆ. ಊರಲ್ಲಿ ಕಾಲೇಜು ಮೈದಾನದ ಕಟ್ಟೆಯ ಮೇಲೆ ಸಿಗುತ್ತಿದ್ದ ಪರಿಚಯಗಳೂ ಇಂಥವೇ ಅಲ್ಲವೇ, ಇಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅವು ಹುಟ್ಟುವುದಿಲ್ಲ.

ಊರಿಂದ ಆರು ತಿಂಗಳಿಗೆ ಬಂದ ಅಜ್ಜನನ್ನು ಮಗುವಿನ ಪಕ್ಕ ಕೂರಿಸಿ, ನೀವು ಎರಡು ಸಾಲು ಹಿಂದೆ ಹೋಗಿಬಿಡಿ. ಕನ್ನಡ ಮಾತಾಡು ಎಂದು ವಾರವೆಲ್ಲ ಗದರಿದರೂ ಬಾಯಿಬಿಡದ ಮಗು, ಆ ಹುಡುಗ ಯಾಕೆ ಔಟಾದ ಎಂದು ಅಜ್ಜನಿಗೆ ಹೇಳಲು ತಡವರಿಸಿಯಾದರೂ ಹೇಳುತ್ತದೆ. ನಡುವೆ ಬಾಯಿ ಹಾಕಿ ತಿದ್ದಬೇಡಿ.

ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸಿನ ಮೊದಲರ್ಧ (ಅತಿಥಿ ತಂಡದ ಬ್ಯಾಟಿಂಗ್ ಸರದಿ) ಮುಗಿದಾಗ ಆತಿಥೇಯ ತಂಡ ಮುಂದಿದ್ದರೆ ಅದು ಮತ್ತೆ ಬ್ಯಾಟ್ ಮಾಡುವುದಿಲ್ಲ, ಆಟ ಅಲ್ಲಿಗೇ ಮುಗಿಯಿತು. ರೈಲಿನಲ್ಲಿ ಬಂದವರು ವಾಪಸಿನ ವೇಳೆ ಮೊದಲೇ ನೋಡಿಟ್ಟುಕೊಳ್ಳಿ. ವಾರಾಂತ್ಯದಲ್ಲಿ ರೈಲು ಕಡಿಮೆ.