ಒನಕೆಗೂ ಎಂಟು ಮುಖದ ದಾಳವೇ: ಆಟದ ಆಯುಧಕ್ಕೆ ನಮ್ಮೂರ ರೂಪ ಕೊಡುವುದು ಹೇಗೆ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಆಡುವವರ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆದ ಹಾಳೆ, ತೆಗೆದು ನೋಡಿ. ಆಯುಧದ ಜಾಗದಲ್ಲಿ ಲಾಂಗ್‌ಸ್ವೋರ್ಡ್, ರಕ್ಷಾಕವಚದ ಜಾಗದಲ್ಲಿ ಲೋಹದ ಬಳೆ ಹೆಣೆದ ಚೈನ್ ಮೇಲ್, ಪಕ್ಕದಲ್ಲೊಂದು ಸಂಖ್ಯೆ, ಅಷ್ಟೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಆಟ, ಯುರೋಪಿನ ಮಧ್ಯಯುಗದ ಆಯುಧಶಾಲೆಯನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದು ಸಹಜವೇ. ಆದರೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ದಿನಾ ನೋಡುವವರು, ದಾವಣಗೆರೆಯ ಹತ್ತಿ ಗಿರಣಿಗಳ ಕಥೆ ಕೇಳುತ್ತಾ ಬೆಳೆದವರು ಅದೇ ಕತ್ತಿ ಹಿಡಿದು ಕೂರಬೇಕಾಗಿಲ್ಲ. ಸಂಖ್ಯೆಯನ್ನು ಮುಟ್ಟದೆ ರೂಪ ಮಾತ್ರ ಬದಲಿಸುವುದಕ್ಕೆ ಆಟಗಾರರು ‘ರೀಸ್ಕಿನ್’ ಅನ್ನುತ್ತಾರೆ. ಇದಕ್ಕೆ ದುಡ್ಡೂ ಬೇಡ. ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ ಎಂಬ ಕಡತ 2023ರ ಜನವರಿಯಿಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲೇ ಸಿಗುತ್ತದೆ. ಕೆಳಗಿನ ಲೆಕ್ಕಗಳೆಲ್ಲ ಆ ಆವೃತ್ತಿಯವು.

ಮೊದಲು ಪಟ್ಟಿ ಓದಿ

ಬಹಳಷ್ಟು ಮಂದಿ ಮೊದಲು ಚಿತ್ರ ಕಲ್ಪಿಸಿಕೊಂಡು ಆಮೇಲೆ ಅದಕ್ಕೆ ಸಂಖ್ಯೆ ಹುಡುಕುತ್ತಾರೆ. ಅದಕ್ಕಿಂತ ಆಯುಧಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ಸಾಲನ್ನೂ ಪೂರ್ತಿ ಓದುವುದು ಒಳ್ಳೆಯದು. ಎಷ್ಟು ಪೆಟ್ಟು, ಎಂಥ ಪೆಟ್ಟು, ಒಂದು ಕೈಯದೋ ಎರಡು ಕೈಯದೋ, ಎಸೆಯಬಹುದೋ ಇಲ್ಲವೋ ಎಂಬುದೆಲ್ಲ ಅಲ್ಲೇ ಇರುತ್ತದೆ. ನಿಮ್ಮ ವಸ್ತು ಆ ಸಾಲಿಗೆ ಒಗ್ಗಿದರೆ ಅರ್ಧ ಕೆಲಸ ಮುಗಿದ ಹಾಗೆ.

ಗ್ರೇಟ್‌ಕ್ಲಬ್, ಅಂದರೆ ದೊಡ್ಡ ದೊಣ್ಣೆ, ಎಂಬ ಸಾಲನ್ನು ತೆಗೆದುಕೊಳ್ಳಿ. ಬೆಲೆ ಎರಡು ಬೆಳ್ಳಿ ನಾಣ್ಯ, ತೂಕ ಹತ್ತು ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೊ. ಎರಡೂ ಕೈಯಲ್ಲಿ ಹಿಡಿಯಬೇಕು. ಎಂಟು ಮುಖದ ದಾಳ ಉರುಳಿಸಿ ಬಂದಷ್ಟು ಜಜ್ಜುವ ಪೆಟ್ಟು. ಸೈನಿಕ ತರಬೇತಿ ಬೇಕಿಲ್ಲದ ಸರಳ ಆಯುಧಗಳ ಗುಂಪಿನದು. ಆಟಗಾರರು ಸಾಮಾನ್ಯವಾಗಿ ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ದುರ್ಗದವರು ಓದಿದರೆ ಮಾತ್ರ ಇದು ಒನಕೆಯೇ! ಅಡುಗೆಮನೆಯಲ್ಲಿದ್ದದ್ದು, ಎರಡು ಕೈಯಲ್ಲಿ ಎತ್ತಿ ಕುಟ್ಟುವಂಥದ್ದು, ಕವಾಯತು ಕಲಿಯದ ಹೆಣ್ಣುಮಗಳೂ ಹಿಡಿಯಬಲ್ಲಂಥದ್ದು. ಓಬವ್ವನ ಕಿಂಡಿ ನೋಡಿದವರಿಗೆ ಇನ್ನೇನೂ ಹೇಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ‘ಮರದ ಒನಕೆ’ ಎಂದು ಬರೆದರೆ ಅದು ಯಾರ ಮನೆಯದಾದರೂ ಆಗಬಹುದು. ನಿಮ್ಮ ಪಾತ್ರದ ಒನಕೆಯ ತುದಿಗೆ ಕಬ್ಬಿಣದ ಬಳೆ ಇದೆಯೇ? ಕುಟ್ಟಿ ಕುಟ್ಟಿ ಬಳೆಯ ಒಂದು ಅಂಚು ಸವೆದಿದೆಯೇ? ನಡುವೆ ಕೈ ಹಿಡಿಯುವ ಜಾಗ ನುಣುಪಾಗಿದೆ, ಆದರೆ ಆ ನುಣುಪು ನಿಮ್ಮ ಪಾತ್ರದ ಹಿಡಿತಕ್ಕಿಂತ ಒಂದು ಗೇಣು ಕೆಳಗಿದೆ. ಅಂದರೆ ಇದು ಗಿಡ್ಡಗಿದ್ದ ಅಜ್ಜಿಯ ಕೈಯಲ್ಲಿ ಸವೆದದ್ದು. ಒಂದು ಗುರುತು, ಅದರ ಹಿಂದೊಬ್ಬ ಮನುಷ್ಯ. ಇಷ್ಟಿದ್ದರೆ ಸಾಕು. ಹತ್ತು ಅಲಂಕಾರ ಹೇಳಿದರೆ ಮೇಜಿನ ಸುತ್ತ ಕೂತವರಿಗೆ ಒಂದೂ ನೆನಪಿರುವುದಿಲ್ಲ.

ದಾವಣಗೆರೆಯ ಲಾಳಿ, ಚಳ್ಳಕೆರೆಯ ಕಂಬಳಿ

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹಿನ್ನೆಲೆ ಬೇಕೆಂದರೆ ಮಗ್ಗದ ಲಾಳಿ ನೋಡಿ. ಎರಡೂ ಕಡೆ ಚೂಪು, ತುದಿಗೆ ಲೋಹ, ಕೈಗೆ ಹಗುರ. ನಿಯಮದಲ್ಲಿ ಡ್ಯಾಗರ್ ಎಂಬ ಬಾಕುವಿಗೆ ನಾಲ್ಕು ಮುಖದ ದಾಳದಷ್ಟು ಚುಚ್ಚುವ ಪೆಟ್ಟು. 20 ಅಡಿವರೆಗೆ ಸಲೀಸಾಗಿ, 60 ಅಡಿವರೆಗೆ ಕಷ್ಟಪಟ್ಟು ಎಸೆಯಬಹುದು. ಅತ್ತಿಂದಿತ್ತ ಹಾರುವುದೇ ಲಾಳಿಯ ಕೆಲಸವಾದ್ದರಿಂದ ಇದಕ್ಕಿಂತ ಚೆನ್ನಾಗಿ ಹೊಂದುವ ವಸ್ತು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಹಿಂದೆ ಒಂದೆಳೆ ಕೆಂಪು ನೂಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ ಎಂದು ಸೇರಿಸಿ. ಆ ನೂಲು ಹಿಡಿದು ಯಾರನ್ನೂ ಕಟ್ಟಿಹಾಕುವಂತಿಲ್ಲ, ಅದು ನೋಟಕ್ಕೆ ಮಾತ್ರ.

ಇನ್ನು ಪ್ಯಾಡೆಡ್ ಆರ್ಮರ್, ಅಂದರೆ ದಪ್ಪ ಬಟ್ಟೆಯ ಮೆತ್ತೆ ಕವಚ. ರಕ್ಷಣೆ 11, ಜೊತೆಗೆ ಚುರುಕುತನದ ಅಂಕ. ಆದರೆ ಇದನ್ನು ತೊಟ್ಟವರಿಗೆ ಅಡಗುವುದು ಕಷ್ಟ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿಯನ್ನು ಮಡಿಕೆ ಮೇಲೆ ಮಡಿಕೆ ಹೊಲಿದ ಅಂಗಿ ಎಂದುಕೊಳ್ಳಿ. ಏಕೆ ಅಡಗಲಾಗದು ಎಂದು ಯಾರಾದರೂ ಕೇಳಿದರೆ, ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಗೊತ್ತಿರುವವರು ಉತ್ತರ ಹೇಳುತ್ತಾರೆ. ನಿಯಮದ ಕೊರತೆಗೂ ವಸ್ತುವಿನ ಗುಣವೇ ಕಾರಣವಾದರೆ ಆ ರೂಪ ಗಟ್ಟಿ ಎಂದರ್ಥ. ಕುಡುಗೋಲು, ಕೊಡಲಿ, ಕವಣೆಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅವು ಪಟ್ಟಿಯಲ್ಲೇ ಇವೆ, ಊರಿನ ಗುರುತು ಕೊಟ್ಟರಾಯಿತು.

ಗೆರೆ ಎಲ್ಲಿದೆ?

ಇಲ್ಲಿ ಎಚ್ಚರ ಬೇಕು. ‘ನನ್ನ ಲಾಂಗ್‌ಸ್ವೋರ್ಡ್ ನೋಡಲು ಒನಕೆ’ ಎಂದು ಒಬ್ಬರು ಹೇಳಿದರೆ ಅಡ್ಡಿಯಿಲ್ಲ. ಆದರೆ ಅಸ್ಥಿಪಂಜರ ಎದುರಾದಾಗ ‘ಒನಕೆ ತಾನೆ, ಜಜ್ಜುವ ಪೆಟ್ಟು ಕೊಡಿ’ ಎಂದರೆ ಒಪ್ಪುವಂತಿಲ್ಲ. ಈ ಆಟದ ಅಸ್ಥಿಪಂಜರಗಳಿಗೆ ಜಜ್ಜುವ ಪೆಟ್ಟು ಎರಡರಷ್ಟು ನಾಟುತ್ತದೆ, ಲಾಂಗ್‌ಸ್ವೋರ್ಡ್ ಕೊಡುವುದು ಕಡಿಯುವ ಪೆಟ್ಟು. ಚೈನ್ ಮೇಲ್ ಅನ್ನು ಕಂಬಳಿ ಎಂದು ಕರೆದವರಿಗೂ ಇದೇ ಮಾತು. ಲೋಹವನ್ನು ಕಾಯಿಸುವ ಹೀಟ್ ಮೆಟಲ್ ಮಂತ್ರ ಬಂದಾಗ ‘ನಂದು ಉಣ್ಣೆ’ ಎಂದು ತಪ್ಪಿಸಿಕೊಳ್ಳಬಾರದು. ಅದರ ಬದಲು ಕಂಬಳಿಯ ಒಳಗೆ ಕಬ್ಬಿಣದ ಬಿಲ್ಲೆಗಳನ್ನು ಹೊಲಿದಿದೆ ಎಂದು ಮೊದಲೇ ಹೇಳಿ. ಆಯುಧವನ್ನು ಊರುಗೋಲಿನಂತೆ ತೋರಿಸಿ ಕಾವಲುಗಾರರನ್ನು ದಾಟುವುದೂ ರೂಪದ ಲೆಕ್ಕಕ್ಕೆ ಸೇರದು. ಬೇಕೆಂದಾಗ ಬಟ್ಟೆಯಂತೆ ಕಾಣುವ ಕವಚವೊಂದು ನಿಯಮಗಳಲ್ಲೇ ಇದೆ, ಗ್ಲ್ಯಾಮರ್ಡ್ ಸ್ಟಡೆಡ್ ಲೆದರ್ ಅಂತ. ಅದನ್ನು ಅಪರೂಪದ ಮಾಂತ್ರಿಕ ವಸ್ತುಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅದನ್ನು ಗಳಿಸಿದವರ ಮುಂದೆ ನಾವು ಪುಕ್ಕಟೆಯಾಗಿ ಅದೇ ಲಾಭ ಪಡೆಯುವುದು ನ್ಯಾಯವಲ್ಲ.

ಮಂತ್ರಗಳಿಗೂ ಹೀಗೇ ರೂಪ ಕೊಡಬಹುದು. ಮ್ಯಾಜಿಕ್ ಮಿಸೈಲ್‌ನ ಮೂರು ಬಾಣಗಳು ಕೋಟೆಯ ಮದ್ದು ಬೀಸುವ ಕಲ್ಲಿನಿಂದ ಸಿಡಿದ ಮೂರು ಕಿಡಿಗಳಾಗಲಿ. ದೇವರ ಲಾಂಛನ ಹಿಡಿಯುವ ಪಾತ್ರವಾದರೆ ಮಾತ್ರ ಸ್ವಲ್ಪ ತಡೆಯಿರಿ. ಇಂದಿಗೂ ಜನ ಪೂಜಿಸುವ ವಸ್ತುವನ್ನು ಆಟಕ್ಕೆ ತರುವ ಮುನ್ನ ಜೊತೆಗಾರರನ್ನು ಕೇಳಲೇಬೇಕು. ಒಬ್ಬರಿಗೆ ಮುಜುಗರವಾದರೂ ಬಿಟ್ಟುಬಿಡಿ.

ಮೇಜಿನ ಮೇಲೆ

ಆಟಕ್ಕೆ ಕೂರುವ ಮುಂಚೆಯೇ ಆಟ ನಡೆಸಿಕೊಡುವ ಗೇಮ್ ಮಾಸ್ಟರ್‌ಗೆ ಹೇಳಿ ಒಪ್ಪಿಗೆ ಪಡೆಯಿರಿ. ಆಟದ ಮಧ್ಯೆ ಈ ಚರ್ಚೆ ಎದ್ದರೆ ಎಲ್ಲರ ಹೊತ್ತೂ ಹಾಳು. ಅಂಗೈಯಗಲದ ರಟ್ಟಿನ ಚೀಟಿಯ ಒಂದು ಬದಿಗೆ ಮೂಲ ಹೆಸರು ಮತ್ತು ಸಂಖ್ಯೆ, ಇನ್ನೊಂದು ಬದಿಗೆ ನಿಮ್ಮ ರೂಪ ಬರೆದಿಡಿ. ಚಿತ್ರ ಬಿಡಿಸಲು ಮಾದರಿ ಬೇಕಾದರೆ ಹಳ್ಳಿಗಳಲ್ಲಿ ಸಿಗುವ ವೀರಗಲ್ಲುಗಳನ್ನು ನೋಡಿ. ಗುರಾಣಿಯ ಆಕಾರ, ಕಠಾರಿ ಹಿಡಿದ ಬಗೆ, ಸೊಂಟದ ಕಟ್ಟು ಎಲ್ಲ ಕಲ್ಲಿನಲ್ಲೇ ಇದೆ.

ದಾಳಿ ಮಾಡುವಾಗ ಪ್ರತಿ ಸಲ ವರ್ಣನೆ ಬೇಡ. ಮೊದಲ ಪೆಟ್ಟಿಗೆ, ದಾಳಿಯ ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿದ್ದಾಗ, ಶತ್ರು ಉರುಳಿದಾಗ ಒಂದೊಂದು ವಾಕ್ಯ ಹೇಳಿದರೆ ಸಾಕು. ಮುಂದೆ ಪ್ಲಸ್ ಒನ್ ಗ್ರೇಟ್‌ಕ್ಲಬ್, ಅಂದರೆ ಒಂದಂಕ ಹೆಚ್ಚು ಬಲದ ಮಾಂತ್ರಿಕ ದೊಣ್ಣೆ, ಸಿಕ್ಕಿದಾಗ ಹಳೆಯ ಒನಕೆಯನ್ನು ಎಸೆಯಬೇಡಿ. ಸಿಕ್ಕಿದ್ದು ಹೊಸ ಆಯುಧವಲ್ಲ, ಅಜ್ಜಿಯ ಒನಕೆಗೆ ಹೊಸ ಬಳೆ ಎನ್ನಲು ಗೇಮ್ ಮಾಸ್ಟರ್‌ರನ್ನು ಕೇಳಿಕೊಳ್ಳಿ, ಚೀಟಿಯ ಹಿಂಬದಿಯಲ್ಲಿ ಆ ಬಳೆಯನ್ನೂ ಬರೆದುಕೊಳ್ಳಿ.