ಶ್ರೂಸ್‌ಬರಿಯಲ್ಲಿ ತಲೆಯೆತ್ತಿ ನಡೆಯಿರಿ: ಹೊಸಬರಿಗೊಂದು ಮಾರ್ಗದರ್ಶಿ

ಇಂಗ್ಲೆಂಡಿನ ಶ್ರೂಸ್‌ಬರಿಗೆ ಹೊಸದಾಗಿ ಬಂದವರಿಗೆ ಮೊದಲ ತಿಂಗಳು ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ತೊಗರಿಬೇಳೆ ಸಿಗುವ ಅಂಗಡಿ ಎಂದು ಓಡಾಡುವುದರಲ್ಲೇ ಕಳೆದುಹೋಗುತ್ತದೆ. ಅದೆಲ್ಲ ಆಗಲಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಅಂಗಡಿಗಳು ಬಾಗಿಲು ತೆರೆಯುವ ಮುನ್ನ, ರೈಲು ನಿಲ್ದಾಣದಿಂದ ಪೇಟೆಯೊಳಕ್ಕೆ ನಡೆದು ಬನ್ನಿ. ಕೆಳಗೆ ಮೊಬೈಲ್ ಅಂಗಡಿ, ಕಾಫಿ ಅಂಗಡಿ. ಅವುಗಳ ನೆತ್ತಿಯ ಮೇಲೆ ನಾನೂರು, ಐನೂರು ವರ್ಷಗಳ ಓಕ್ ಮರದ ತೊಲೆಗಳು. ತಲೆಯೆತ್ತದೆ ನಡೆದರೆ ಈ ಊರು ಕಾಣುವುದೇ ಇಲ್ಲ.

ಊರಿನ ಹೆಸರನ್ನು ಕೆಲವರು ಶ್ರೂಸ್‌ಬರಿ ಎನ್ನುತ್ತಾರೆ, ಕೆಲವರು ಶ್ರೋಸ್‌ಬರಿ. ಎರಡೂ ನಡೆಯುತ್ತದೆ.

ಸೆವರ್ನ್ ನದಿ ಇಲ್ಲಿ ಲಾಳದ ಆಕಾರದಲ್ಲಿ ಪೇಟೆಯನ್ನು ಬಳಸಿ ಹರಿಯುತ್ತದೆ. ನದಿ ದಾಟದೆ ಒಳಗೆ ಬರಲು ಇರುವುದು ಒಂದೇ ಕಿರಿದಾದ ದಾರಿ. ನಾರ್ಮನ್ ಸರದಾರ ರೋಜರ್ ಡಿ ಮಾಂಟ್‌ಗಮರಿ 11ನೇ ಶತಮಾನದಲ್ಲಿ ಕೋಟೆ ಕಟ್ಟಿದ್ದು ಅಲ್ಲಿಯೇ. ಕಾವೇರಿ ಸುತ್ತುವರಿದ ಶ್ರೀರಂಗಪಟ್ಟಣವನ್ನು ಕಂಡವರಿಗೆ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬುಚರ್ ರೋ ಎಂಬ ಬೀದಿಗೆ ಹೋಗಿ. ಅಲ್ಲಿನ ಆ್ಯಬಟ್ಸ್ ಹೌಸ್ 15ನೇ ಶತಮಾನದ್ದು. ಮೇಲಿನ ಮಹಡಿಗಳು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿ ಬೀದಿಯ ಮೇಲೆ ಬಾಗಿವೆ. ಗೋಡೆಯ ಹತ್ತಿರ ನಿಂತು ಇಂಥ ಮನೆಗಳ ತೊಲೆ ಕೂಡುವ ಜಾಗವನ್ನು ನೋಡಿ. ಒಂದು ತೊಲೆಯ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದಿರುತ್ತಾರೆ. ಬಡಗಿಗಳು ಹಸಿ ಓಕ್ ಮರವನ್ನು ಕಡಿದು, ತಮ್ಮ ಅಂಗಳದಲ್ಲೇ ಇಡೀ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ತೊಲೆತೊಲೆಗೂ ಗುರುತು ಕೆತ್ತಿ, ಮತ್ತೆ ಬಿಚ್ಚಿ ತಂದು ನಿಲ್ಲಿಸುತ್ತಿದ್ದರು. ಕೆಲವು ಮನೆಗಳಲ್ಲಿ ರೋಮನ್ ಅಂಕಿಗಳ ಆ ಗೀರುಗಳು ಇಂದಿಗೂ ಬೆರಳಿಗೆ ಸಿಗುತ್ತವೆ. ತೊಲೆಗಳ ನಡುವಿನ ಗೋಡೆಯಂತೂ ನಮ್ಮವರಿಗೆ ಚಿರಪರಿಚಿತ: ಕಡ್ಡಿ ಹೆಣೆದ ತಡಿಕೆ, ಅದರ ಮೇಲೆ ಮೆತ್ತಿದ ಮಣ್ಣು, ಹುಲ್ಲು, ಸಗಣಿ. ಮಲೆನಾಡಿನ ಹಳೆಯ ಮನೆಯಲ್ಲಿ ಬೆಳೆದವರು ಇದನ್ನು ಒಂದೇ ನೋಟಕ್ಕೆ ಗುರುತಿಸುತ್ತಾರೆ. ತೊಲೆಗಳಿಗೆ ಕಪ್ಪು, ಗೋಡೆಗೆ ಬಿಳುಪು ಬಳಿಯುವ ರೂಢಿ ಹೆಚ್ಚಾಗಿ 19ನೇ ಶತಮಾನದ್ದು. ಅದಕ್ಕೂ ಮೊದಲು ಎಷ್ಟೋ ಕಡೆ ಓಕ್ ಮರವನ್ನು ಹಾಗೆಯೇ ಬಿಡುತ್ತಿದ್ದರು, ಅದು ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ಮುಂಭಾಗ ನೋಡಿ ವಯಸ್ಸು ಹೇಳಲು ಹೋಗಬೇಡಿ. 18ನೇ ಶತಮಾನದಲ್ಲಿ ಇಟ್ಟಿಗೆಯ ಮುಖ ಪ್ರತಿಷ್ಠೆಯ ಮಾತಾಯಿತು. ಉಳ್ಳವರು ಹಳೆಯ ಮರದ ಮನೆಯನ್ನು ಕೆಡವದೆ ಬೀದಿಯ ಕಡೆಗೆ ಮಾತ್ರ ಇಟ್ಟಿಗೆ ಗೋಡೆ ಎಬ್ಬಿಸಿದರು. ನಿಜ ಗೊತ್ತಾಗಬೇಕಾದರೆ ಪಕ್ಕದ ಓಣಿಗೆ ನುಗ್ಗಬೇಕು. ಇಂಥ ಓಣಿಗಳಿಗೆ ಇಲ್ಲಿಯವರು ‘ಶಟ್’ ಎನ್ನುತ್ತಾರೆ. ಅಲ್ಲಿ ಹಳೆಯ ತೊಲೆಗಳು ಬರಿಮೈಯಲ್ಲಿ ನಿಂತಿರುತ್ತವೆ. ಮುಚ್ಚಿದ ಕಿಟಕಿಗಳೂ ಕಾಣಬಹುದು. 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆ ಇತ್ತು. ತೆರಿಗೆ ಉಳಿಸಲು ಬೆಳಕನ್ನೇ ಬಿಟ್ಟುಕೊಟ್ಟವರಿದ್ದರು.

ಚೌಕದಲ್ಲಿರುವ ಹಳೆಯ ಮಾರುಕಟ್ಟೆ ಕಟ್ಟಡ 1596ರದ್ದು. ಕೆಳಗೆ ಧಾನ್ಯ, ಮೇಲೆ ಉಣ್ಣೆ ಬಟ್ಟೆಯ ವ್ಯಾಪಾರ. ಈಗ ಮೇಲೆ ಚಿತ್ರಮಂದಿರವಿದೆ.

ಸೇಂಟ್ ಚ್ಯಾಡ್ಸ್ ಚರ್ಚಿನ ಕಥೆಯನ್ನು ನಾನು ಪ್ರತಿಯೊಬ್ಬ ಹೊಸಬರಿಗೂ ಹೇಳುತ್ತೇನೆ. 1788ರಲ್ಲಿ ಹಳೆಯ ಚರ್ಚು ಸೋರುತ್ತಿದೆಯೆಂದು ಥಾಮಸ್ ಟೆಲ್ಫರ್ಡ್ ಎಂಬ ಯುವ ಎಂಜಿನಿಯರನನ್ನು ಕರೆಸಿದರು. ಆತ ಗೋಪುರದ ಬಿರುಕುಗಳನ್ನು ನೋಡಿ, ಚಾವಣಿಯ ಮಾತು ಆಮೇಲೆ, ಮೊದಲು ಗೋಪುರ ಭದ್ರಪಡಿಸಿ ಎಂದ. ಕೆಲಸ ಗಿಟ್ಟಿಸಿಕೊಳ್ಳಲು ಹೆದರಿಸುತ್ತಿದ್ದಾನೆಂದು ಚರ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ, ಬೆಳಗಿನ ಜಾವ ಗಡಿಯಾರ ನಾಲ್ಕು ಹೊಡೆಯುತ್ತಿದ್ದಂತೆ ಗೋಪುರ ಕುಸಿದು ಬಿತ್ತು. ಉಳಿದ ಸಣ್ಣ ಪ್ರಾರ್ಥನಾ ಮಂದಿರ ಇನ್ನೂ ಅಲ್ಲೇ ಇದೆ. ಬೇರೆ ಕಡೆ ಕಟ್ಟಿದ ಹೊಸ ಚರ್ಚು ದುಂಡಗಿದೆ, 1792ರದ್ದು. ಈ ಊರಲ್ಲೇ ಹುಟ್ಟಿದ ಚಾರ್ಲ್ಸ್ ಡಾರ್ವಿನ್‌ಗೆ 1809ರಲ್ಲಿ ನಾಮಕರಣದ ದೀಕ್ಷೆಯಾದದ್ದು ಅಲ್ಲಿ.

ಎಂಜಿನಿಯರುಗಳು, ಅದರಲ್ಲೂ ಬೆಂಗಳೂರಿನಿಂದ ಬಂದವರು, ಡಿದರಿಂಗ್‌ಟನ್ ಬಡಾವಣೆಯ ಅಗಸೆನಾರಿನ ಗಿರಣಿಯನ್ನು ತಪ್ಪಿಸಬೇಡಿ. ಆ ಕಾಲದ ಗಿರಣಿಗಳಲ್ಲಿ ಮರದ ನೆಲ, ಗಾಳಿಯಲ್ಲೆಲ್ಲ ನಾರಿನ ಧೂಳು, ಉರಿಯುವ ದೀಪ; ಬೆಂಕಿ ಬಿದ್ದರೆ ಏನೂ ಉಳಿಯುತ್ತಿರಲಿಲ್ಲ. ಅದಕ್ಕಾಗಿ ಚಾರ್ಲ್ಸ್ ಬೇಜ್ 1797ರಲ್ಲಿ ಎರಕದ ಕಬ್ಬಿಣದ ಕಂಬ, ಕಬ್ಬಿಣದ ತೊಲೆ, ಅವುಗಳ ನಡುವೆ ಇಟ್ಟಿಗೆಯ ಕಮಾನು ಇಟ್ಟು ಈ ಕಟ್ಟಡ ಎಬ್ಬಿಸಿದ. ಇಡೀ ಚೌಕಟ್ಟು ಕಬ್ಬಿಣದ್ದಾದ ಜಗತ್ತಿನ ಮೊದಲ ಕಟ್ಟಡ ಇದು. ಇಂದಿನ ಗಗನಚುಂಬಿಗಳ ಮೂಲಪುರುಷ ಇಲ್ಲಿ ಸದ್ದಿಲ್ಲದೆ ನಿಂತಿದ್ದಾನೆ. 2022ರಿಂದ ಜನರಿಗೆ ತೆರೆದಿದೆ.

ಇಂಥ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಯುವಾಗ ಅಥವಾ ಕೊಳ್ಳುವಾಗ ‘ಲಿಸ್ಟೆಡ್’, ಅಂದರೆ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವುದು, ಹೌದೇ ಎಂದು ಮೊದಲು ಕೇಳಿ. ಇಂಗ್ಲೆಂಡಿನ ರಾಷ್ಟ್ರೀಯ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಪಟ್ಟಿಯಲ್ಲಿದ್ದರೆ, ಕಟ್ಟಡದ ಸ್ವರೂಪದ ಮೇಲೆ ಪರಿಣಾಮ ಬೀರುವ ಯಾವ ಬದಲಾವಣೆಗೂ, ಅದು ಒಳಗಿನದಾಗಿದ್ದರೂ, ಅನುಮತಿ ಬೇಕು. ಇಲ್ಲದೆ ಮಾಡಿದರೆ ಅಪರಾಧ. ನಾನು ಮೊದಲ ಯುಗಾದಿಗೆ ತೋರಣ ಕಟ್ಟಲು ಮೊಳೆ ಹಿಡಿದು ಬಾಗಿಲ ತೊಲೆಯ ಮುಂದೆ ನಿಂತವನು, ಕೈ ತಡೆದು ದಾರದಲ್ಲೇ ಕಟ್ಟಿದೆ. ಇನ್ನೊಂದು ಮಾತು: ಸುಣ್ಣದ ಗಾರೆಯ ಗೋಡೆ ತೇವ ಹೀರಿ ಮತ್ತೆ ಬಿಡುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಓಕ್ ತೊಲೆ ಕೊಳೆಯುತ್ತದೆ. ಅನ್ನ, ಸಾರು ಕುದಿಯುವಾಗ ಚಳಿಯಿದ್ದರೂ ಕಿಟಕಿ ತೆರೆಯಿರಿ. ಸೆಪ್ಟೆಂಬರಿನಲ್ಲಿ ‘ಹೆರಿಟೇಜ್ ಓಪನ್ ಡೇಸ್’ ಬರುತ್ತದೆ. ಉಳಿದ ದಿನ ಮುಚ್ಚಿರುವ ಎಷ್ಟೋ ಬಾಗಿಲುಗಳು ಆಗ ಶುಲ್ಕವಿಲ್ಲದೆ ತೆರೆಯುತ್ತವೆ.

ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಪ್ರತಿಮೆಯಿದೆ. ಆತ ಇಲ್ಲಿನ ಸಂಸದನೂ ಮೇಯರನೂ ಆಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಅವನ ಮಗ ಎಡ್ವರ್ಡ್. ಶ್ರೂಸ್‌ಬರಿಯಿಂದ ರೈಲು ಹತ್ತಿ ವೇಲ್ಸ್ ಗಡಿ ದಾಟಿ ವೆಲ್ಶ್‌ಪೂಲ್‌ನಲ್ಲಿ ಇಳಿದರೆ ಪೊವಿಸ್ ಕೋಟೆ ಹತ್ತಿರ. ಅಲ್ಲಿ ಕ್ಲೈವ್ ಮನೆತನ ಕೂಡಿಟ್ಟ ವಸ್ತುಗಳಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖವೊಂದಿದೆ. ಜೊತೆಗೆ ಅವನ ಡೇರೆಯೂ ಇದೆ: ಹತ್ತಿ ಬಟ್ಟೆ, ಅದರ ತುಂಬ ಹೂದಾನಿಗಳಲ್ಲಿ ಅರಳಿದ ಹೂಗಳು.