ಕೊಟ್ಟಿಗೆಗೆ ಎರಡು ಸಲ ನೆಲ ಹಾಕಿದ ಕಥೆ

ನಮ್ಮೂರಲ್ಲಿ ಯಾರೂ ಕಾಂಕ್ರೀಟ್ ನೆಲ ಅನ್ನುವುದಿಲ್ಲ. ಸಿಮೆಂಟು ನೆಲ, ಸಿಮೆಂಟು ರಸ್ತೆ ಅಂತಲೇ ಮಾತು. ನಾನೂ ಆ ಮಾತು ನಂಬಿ ಕೆಟ್ಟೆ.

ಗೋಡೆಯ ಗಾರೆ ಮುಗಿದ ಮೇಲೆ ಒಂದೂವರೆ ಚೀಲ ಸಿಮೆಂಟು ಉಳಿದಿತ್ತು. ಕರು ಕಟ್ಟುವ ಮೂಲೆ ನಾಲ್ಕಡಿಗೆ ಐದಡಿ. ಮಣ್ಣು ದಮ್ಮಸ್ಸು ಮಾಡಿ, ಬರೀ ಸಿಮೆಂಟಿಗೆ ನೀರು ಕಲಸಿ ಒಂದಿಂಚು ದಪ್ಪ ಬಳಿದೆ. ಮರಳಿಲ್ಲ, ಜಲ್ಲಿಯಿಲ್ಲ. ಸಿಮೆಂಟು ಜಾಸ್ತಿ ಆದಷ್ಟೂ ಗಟ್ಟಿ ಅಲ್ವಾ ಅನ್ನೋದು ನನ್ನ ಲೆಕ್ಕ.

ವಾರಕ್ಕೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಕರು ನಾಲ್ಕು ದಿನ ಓಡಾಡಿದ್ದಕ್ಕೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. ಮೇಸ್ತ್ರಿ ಒಂದು ಚೂರು ಎತ್ತಿ ನೋಡಿ ನಕ್ಕರು. "ಅಣ್ಣಾ, ಇದು ಬರೀ ಅಂಟು. ಅಂಟಿಸೋಕೆ ಏನು ಹಾಕಿದ್ದೀರಿ?"

ಸಿಮೆಂಟು ಅಂದ್ರೆ ಸುಣ್ಣಕಲ್ಲು, ಜೇಡಿಮಣ್ಣನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು, ಸ್ವಲ್ಪ ಜಿಪ್ಸಂ ಸೇರಿಸಿ ಅರೆದ ಪುಡಿ. ನೀರು ಬಿದ್ದರೆ ಗಟ್ಟಿಯಾಗುತ್ತದೆ, ಜೊತೆಗೆ ಕುಗ್ಗುತ್ತದೆ. ಜಲ್ಲಿ ಕುಗ್ಗುವುದಿಲ್ಲ. ಜಲ್ಲಿ, ಮರಳು ಒತ್ತಾಗಿ ಕೂತಿದ್ದರೆ ಆ ಕುಗ್ಗುವುದನ್ನು ತಡೆದು ಹಿಡಿಯುತ್ತವೆ. ಎಲ್ಲ ಸೇರಿದ ಮೇಲೇ ಅದು ಕಾಂಕ್ರೀಟ್.

ಎರಡನೇ ಸಲ ಇಡೀ ಕೊಟ್ಟಿಗೆಗೆ ಹಾಕಿದೆವು. ಹನ್ನೆರಡಕ್ಕೆ ಹದಿನೈದಡಿ, ನಾಲ್ಕಿಂಚು ದಪ್ಪ. ಒಂದು ಚೀಲ ಸಿಮೆಂಟು ಹಿಡಿಯುವಷ್ಟು, ಅಂದ್ರೆ 35 ಲೀಟರಿನ ಮರದ ಪೆಟ್ಟಿಗೆ ಮಾಡಿಸಿದೆ. ಚೀಲಕ್ಕೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ. ಐದೂವರೆ ಪಾಲಿನಲ್ಲಿ ಸಿಮೆಂಟು ಒಂದೇ ಪಾಲು! ಒಟ್ಟು 14 ಚೀಲ ಹಿಡಿಯಿತು. ಬಾಂಡ್ಲಿ ಲೆಕ್ಕದಲ್ಲಿ ಹಾಕಿದರೆ ಒಬ್ಬ ತುಂಬಿಸಿ ತರುತ್ತಾನೆ, ಇನ್ನೊಬ್ಬ ಮುಕ್ಕಾಲು ತರುತ್ತಾನೆ. ಅದಕ್ಕೇ ಪೆಟ್ಟಿಗೆ.

ನಿಜವಾದ ಜಗಳ ಆಗಿದ್ದು ನೀರಿಗೆ. ನಾನು ಚೀಲಕ್ಕೆ 25 ಲೀಟರ್ ಅಂತ ಅಳೆದು ಕೊಡುತ್ತಿದ್ದೆ. ಎಳೆಯೋಕೆ ಸುಲಭವಾಗಲಿ ಅಂತ ಹುಡುಗರು ಸುಮ್ನೆ ಇನ್ನೊಂದು ಬಕೆಟ್ ಸುರಿಯಲು ಬರುತ್ತಿದ್ದರು. ಜಾಸ್ತಿಯಾದ ನೀರು ಆಮೇಲೆ ಆರಿ ಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ. ಬಕೆಟ್ಟನ್ನೇ ಕಸಿದುಕೊಂಡು ಪಕ್ಕದಲ್ಲಿಟ್ಟುಕೊಂಡೆ.

ಹಾಗಂತ ಗಟ್ಟಿಯಾದ ಮೇಲೆ ನೀರಿಗೆ ಜಿಪುಣತನ ಮಾಡುವಂತಿಲ್ಲ. ನೆಲಕ್ಕೆ ಗಂಜಲ ಹರಿಯಲು ವಾಟ ಕೊಟ್ಟಿದ್ದರಿಂದ ಬದು ಕಟ್ಟಿದರೂ ನೀರು ಒಂದೇ ಕಡೆ ಸೇರುತ್ತಿತ್ತು. ಗೋಣಿಚೀಲ ಹಾಸಿ, ಹತ್ತು ದಿನ ಹೊತ್ತು ಹೊತ್ತಿಗೆ ನೆನೆಸಿದೆ. ಹಸುಗಳನ್ನು ಮೂರು ವಾರ ಹಲಸಿನ ಮರದಡಿ ಕಟ್ಟಿದ್ದೆ.

ಕಾಲು ಜಾರದಿರಲಿ ಅಂತ ಹಸಿಯಿರುವಾಗಲೇ ಹಗ್ಗ ಒತ್ತಿ ಗೀರು ಹಾಕಿದ್ದೆವು. ಒಂದು ಕಡೆ ಹಗ್ಗ ಸಡಿಲವಾಗಿ ಗೀರು ಸೊಟ್ಟಗಾಗಿದೆ. ಸಗಣಿ ಸಿಕ್ಕಿಕೊಳ್ಳುವುದು ಅಲ್ಲೇ. ಅಮ್ಮ ಪೊರಕೆ ಹಿಡಿದಾಗಲೆಲ್ಲ ನನ್ನ ಹೆಸರು ಹಿಡಿದು ಕೂಗುತ್ತಾಳೆ.